ಕುರಿಗಾಡಿಯ ಡೀಸೆಲ್ ಪೈಪು

ಪೆದ್ದಹರಿವಾಣಂ ಊರಿನ ಜಂಬಪ್ಪನಿಗೆ ತೀರ್ಪು ಹೇಳುವುದೆಂದರೆ ಭಾರಿ ಖುಷಿ. ಯಾರ ಎಮ್ಮೆ ಯಾಕೆ ಗಬ್ಬ ಕಟ್ಟಲಿಲ್ಲ, ಯಾರ ಮಗ ಟೆಂತ್ ಯಾಕೆ ಫೇಲಾದ, ಯಾರ ಬೋರಿನಲ್ಲಿ ನೀರು ಯಾಕೆ ನಿಂತುಹೋಯಿತು, ಎಲ್ಲಕ್ಕೂ ಅವನ ಹತ್ತಿರ ಒಂದು ಕಾರಣ ತಯಾರಿರುತ್ತಿತ್ತು. ಕೇಳಿದರೂ ಹೇಳುತ್ತಿದ್ದ, ಕೇಳದಿದ್ದರೂ ಹೇಳುತ್ತಿದ್ದ. ಕುರಿಯ ವಿಷಯದಲ್ಲಾದರೆ ಅವನ ಮಾತು ತೆಗೆದುಹಾಕುವಂಥದ್ದಲ್ಲ, ಅದು ಒಪ್ಪಬೇಕಾದ್ದೇ. ಬೆನ್ನಿನ ಮೇಲೆ ಕೈಯಾಡಿಸಿ ಇಷ್ಟು ಕೆ.ಜಿ. ಬೀಳುತ್ತದೆ ಅಂದರೆ ಆದೋನಿಯ ವ್ಯಾಪಾರಿಗಳು ತಕ್ಕಡಿ ತರಿಸುತ್ತಿರಲಿಲ್ಲ. ತೊಂದರೆ ಏನೆಂದರೆ, ಕುರಿಯ ವಿಷಯದಲ್ಲಿ ಬಂದ ಆ ಧೈರ್ಯವನ್ನು ಮನುಷ್ಯ ಲೋಕದ ಎಲ್ಲ ವಿಷಯಕ್ಕೂ ಹಚ್ಚುತ್ತಿದ್ದ.

ಅವನ ಹತ್ತಿರ ಹದಿನೇಳು ವರ್ಷದ ಒಂದು ಪಿಕಪ್ ಗಾಡಿ ಇತ್ತು. ಸಂತೆಯ ದಿನ ನಸುಕಿನಲ್ಲಿ ಅದರ ಹಿಂಭಾಗಕ್ಕೆ ಇಪ್ಪತ್ತು ಇಪ್ಪತ್ತೆರಡು ಕುರಿ ಹತ್ತಿಸಿ ಆದೋನಿಗೆ ಹೊಡೆಯುತ್ತಿದ್ದ. ಗಾಡಿಯ ಮೇಲೆ ಅವನಿಗಿದ್ದ ಪ್ರೀತಿ ಸುಳ್ಳಲ್ಲ. ಬಾಗಿಲು ಒರೆಸುತ್ತಿದ್ದ, ಗಾಜು ತಿಕ್ಕುತ್ತಿದ್ದ, ಮುಂದೆ ನಿಂಬೆಹಣ್ಣು ಕಟ್ಟುತ್ತಿದ್ದ. ಪ್ರತಿ ವರ್ಷ ಆಯುಧ ಪೂಜೆಗೆ ಒಂದು ಡಬ್ಬಿ ಕರಿ ಬಣ್ಣ ತಂದು ಗಾಡಿಯ ಕೆಳಗೆ ಮಲಗಿ ಕಂಡಕಂಡಲ್ಲಿ ಬಳಿಯುತ್ತಿದ್ದ. ಕೆರೆಯಬೇಕು, ತೊಳೆಯಬೇಕು, ಆಮೇಲೆ ಬಳಿಯಬೇಕು ಅನ್ನುವುದೆಲ್ಲ ಇಲ್ಲ. ಹಿಕ್ಕೆ, ಮಣ್ಣು, ತುಕ್ಕು, ಎಲ್ಲದರ ಮೇಲೂ ಒಂದೇ ಸಮ ಬಣ್ಣ. ಎದ್ದು ಬಂದು ಕೈ ಒರೆಸಿಕೊಂಡು, "ಹೊಸಾ ಗಾಡಿ ಆತು ನೋಡು" ಅನ್ನುತ್ತಿದ್ದ. ಹದಿನೇಳು ಕೋಟು ಬಣ್ಣದ ಕೆಳಗೆ ಏನಾಗುತ್ತಿದೆ ಅಂತ ನೋಡುವ ಗೊಡವೆಗೆ ಅವನು ಹೋದವನಲ್ಲ.

ಒಂದೂವರೆ ತಿಂಗಳಿಂದ ಗಾಡಿ ಬೆಳಿಗ್ಗೆ ಎದ್ದೇಳಲು ತಕರಾರು ಮಾಡುತ್ತಿತ್ತು. ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸುಸ್ತಾದ ಮೇಲೆ ಒಂದು ಸಲ ಹೊಗೆ ಉಗುಳಿ ಚಾಲೂ ಆಗುತ್ತಿತ್ತು. ಡೀಸೆಲ್ ಬೇರೆ ವಿಪರೀತ ಕುಡಿಯುತ್ತಿತ್ತು. ಜಂಬಪ್ಪ ತಕ್ಷಣ ತೀರ್ಪು ಕೊಟ್ಟ: ಬಂಕಿನವನು ಕಡಿಮೆ ಹಾಕುತ್ತಾನೆ, ಅದರಲ್ಲೂ ನೀರು ಬೆರೆಸುತ್ತಾನೆ. ಬಂಕಿಗೆ ಹೋಗಿ ಜಗಳವಾಡಿ, ಅಲ್ಲಿನ ಹುಡುಗನ ಹತ್ತಿರ ಐದು ಲೀಟರ್ ಡಬ್ಬಿಗೆ ಅಳೆಸಿ, ಅದು ಸರಿಯಾಗಿ ಬಂದಾಗ, "ಇವತ್ತು ನಾ ಬಂದೀನಂತ ಸರಿ ಹಾಕ್ಯಾನ" ಅಂದು ಬಂದ. ಗಾಡಿಗೆ ಉಪಾಯವನ್ನೂ ತಾನೇ ಹುಡುಕಿದ. ಒಂದು ಸಲ ಚಾಲೂ ಆದರೆ ಬಂದ್ ಮಾಡದಿರುವುದೇ ಆ ಉಪಾಯ. ಹಳ್ಳದ ತಿರುವಿನಲ್ಲಿ, ರಸ್ತೆಗೆ ಹತ್ತಿದಂತೆ ಅವನ ಕುರಿದೊಡ್ಡಿ ಇತ್ತು. ಸಂತೆಯ ದಿನ ಐದು ಗಂಟೆಗೆ ಅಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ ಅರ್ಧ ತಾಸು ಕುರಿ ಹತ್ತಿಸಿ, ಐದೂವರೆಗೆ ಹೊರಟುಬಿಡುತ್ತಿದ್ದ.

ಈಗ ಅವನ ಸೊಸೆಯ ವಿಷಯ ಹೇಳಬೇಕು. ಭವಾನಿ. ಕೋಸಗಿ ಕಡೆಯ ಹುಡುಗಿ, ಲ್ಯಾಬ್ ಕೋರ್ಸ್ ಮಾಡಿದ್ದಳು. ಆದೋನಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಶುಗರಿನವರು ಬರಿಹೊಟ್ಟೆಯಲ್ಲಿ ಬರುತ್ತಾರಲ್ಲ, ಅವರಿಗಾಗಿ ಆರೂವರೆಗೆ ಬಾಗಿಲು ತೆಗೆಯಬೇಕು. ಊರಿಂದ ಮೊದಲ ಬಸ್ಸು ಎಂಟಕ್ಕೆ. ಹಾಗಾಗಿ ಹೋದ ವರ್ಷ ಗಂಡ ಹರೀಶ ಒಂದು ಸ್ಕೂಟಿ ಕೊಡಿಸಿದ. ಅವನು ಹತ್ತಿಯ ಲಾರಿ ಮೇಲೆ ತಿಂಗಳಲ್ಲಿ ಇಪ್ಪತ್ತು ದಿನ ಗುಂಟೂರು, ವಾರಂಗಲ್ಲು ಅಂತ ಇರುವವನು. ಭವಾನಿ ಸ್ಕೂಟಿ ಕಲಿತು, ಸ್ವೆಟರ್ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಸುತ್ತಿಕೊಂಡು ದಿನಾ ಕತ್ತಲು ಹರಿಯುವ ಮುಂಚೆ ಹೊರಡುತ್ತಿದ್ದಳು. ಹದಿಮೂರು ತಿಂಗಳು ಒಂದು ಗೀರೂ ಬಿದ್ದಿರಲಿಲ್ಲ.

ಆ ತಿಂಗಳ ಆರನೇ ತಾರೀಖು, ಸಂತೆಯ ದಿನ, ಹಳ್ಳದ ತಿರುವಿನಲ್ಲಿ ಬಿದ್ದಳು. ಮೊಣಕಾಲಿಗೆ ಏಳು ಹೊಲಿಗೆ, ಬಲಗೈ ಮಣಿಕಟ್ಟು ಉಳುಕಿತ್ತು. ಆಟೋದಲ್ಲಿ ಮನೆಗೆ ತಂದು ಮಲಗಿಸಿದಾಗ ನೋವಿನಲ್ಲೇ ಮಾವನಿಗೆ ಹೇಳಿದಳು, "ರೋಡು ಜಾರ್ತಿತ್ತು ಮಾವ. ಏನೋ ಎಣ್ಣಿ ಇದ್ದಂಗಿತ್ತು."

ಜಂಬಪ್ಪ ಏನಂದ ಗೊತ್ತೇನು? "ನೆಪ ಹೇಳಬ್ಯಾಡವ್ವ. ರೋಡು ಎಲ್ಲಾರಿಗೂ ಒಂದಾ. ನಾನೂ ಅದಾ ರೋಡಿನಾಗ ಕಾಲು ತಾಸು ಮುಂಚೆ ಹೋಗೀನಿ, ನನಗ ಜಾರಲಿಲ್ಲ."

ಅಷ್ಟಕ್ಕೆ ಬಿಟ್ಟನೇ? ಬಿಡುವವನಲ್ಲ. ಆಂಜಿನಪ್ಪನ ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತ ಹತ್ತು ಮಂದಿಯ ಮುಂದೆ ಹೇಳಿದ, "ಹೆಣ್ಮಕ್ಕಳಿಗೆ ಕೈಯಾಗ ಹಿಡಿತ ಇರಂಗಿಲ್ಲ. ತಿರುವು ಬಂತಂದ್ರ ಬ್ರೇಕ್ ಒತ್ತಿಬಿಡ್ತಾರ. ಇನ್ನ ಮ್ಯಾಲೆ ನಮ್ಮ ಮನಿ ಹೆಣ್ಮಗಳು ಗಾಡಿ ಹತ್ತಂಗಿಲ್ಲ, ಆತಿಲ್ಲ?" ಹತ್ತು ಮಂದಿ ತಲೆಯಾಡಿಸಿದರು. ಮುಂದಿನ ವಾರ ಅದೇ ತಿರುವಿನಲ್ಲಿ ಸುಂಕಪ್ಪ ಮೋಟರ್‌ಸೈಕಲ್ ಸಮೇತ ಮಗುಚಿಕೊಂಡ. ಅವನು ರಾತ್ರಿ ಒಂದಿಷ್ಟು ಹಾಕಿಕೊಳ್ಳುವ ಮನುಷ್ಯ. ಬೆಳಿಗ್ಗೆ ಬಿದ್ದದ್ದಕ್ಕೂ ಅದೇ ಕಾರಣ ಅಂತ ಜಂಬಪ್ಪ ಹೇಳಿದ, ಊರು ಒಪ್ಪಿತು. ಸುಂಕಪ್ಪ ತನ್ನ ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದರೂ ಯಾರೂ ನಂಬಲಿಲ್ಲ.

ಭವಾನಿ ಹತ್ತು ದಿನ ರಜೆ ಹಾಕಿ, ಆಮೇಲೆ ಎಂಟರ ಬಸ್ಸಿಗೆ ಹೋಗತೊಡಗಿದಳು. ಅವಳು ತಲುಪುವಷ್ಟರಲ್ಲಿ ಒಂಬತ್ತು. ಬರಿಹೊಟ್ಟೆಯ ಮುದುಕರು ಕೂತು ಕೂತು ಬೈದು ಬೇರೆ ಲ್ಯಾಬಿಗೆ ಹೋಗುತ್ತಿದ್ದರು. ಲ್ಯಾಬಿನ ಡಾಕ್ಟರು ಕೆಟ್ಟವರಲ್ಲ, ಆದರೆ ಅವರೂ ಎಷ್ಟು ದಿನ ತಾಳಬೇಕು? ಒಂದನೇ ತಾರೀಖಿನಿಂದ ಆರೂವರೆಗೆ ಬಂದರೆ ಬಾ, ಇಲ್ಲದಿದ್ದರೆ ಬೇರೆ ಹುಡುಗಿಯನ್ನು ನೋಡುತ್ತೇನೆ ಅಂದುಬಿಟ್ಟರು. ಈ ಮಾತನ್ನು ಭವಾನಿ ಮನೆಯಲ್ಲಿ ಹೇಳಿದಾಗ ಜಂಬಪ್ಪ, "ಬಿಡ್ಲಿ ಬಿಡು. ಮನ್ಯಾಗೇನು ಕೆಲಸ ಇಲ್ಲೇನು?" ಅಂದ. ಅವಳು ಬೋಗುಣಿ ಎತ್ತಿಕೊಂಡು ಒಳಗೆ ಹೋದಳು.

ತಿಂಗಳ ಕೊನೆಯ ಹೊತ್ತಿಗೆ ಗಾಡಿ ಪೂರಾ ಕೈಯೆತ್ತಿತು. ಇಪ್ಪತ್ತೊಂಬತ್ತನೇ ತಾರೀಖು ಬೆಳಿಗ್ಗೆ ಎಷ್ಟು ಸೆಲ್ಫ್ ಹೊಡೆದರೂ ಕೆಮ್ಮಲೂ ಇಲ್ಲ. ಕೊನೆಗೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಆದೋನಿಗೆ ಎಳೆಸಿಕೊಂಡು ಹೋಗಬೇಕಾಯಿತು. ದಾರಿಯುದ್ದಕ್ಕೂ ಸ್ಟೇರಿಂಗ್ ಹಿಡಿದು ಕೂತ ಜಂಬಪ್ಪ ಯಾರ ಮುಖವನ್ನೂ ನೋಡಲಿಲ್ಲ.

ಬಜಾರಪ್ಪನ ಶೆಡ್ಡು ಆದೋನಿಯ ಹೊರವಲಯದಲ್ಲಿ, ಹತ್ತಿ ಮಿಲ್ಲಿನ ಗೋಡೆಗೆ ಆತುಕೊಂಡಿತ್ತು. ಬಜಾರಪ್ಪ ಮೂವತ್ತು ವರ್ಷದ ಮೆಕ್ಯಾನಿಕ್, ಜಂಬಪ್ಪನಿಗೆ ಹಳೆಯ ದೋಸ್ತಿ. ಕೈ ಎಷ್ಟು ಶಾಂತವೋ ಬಾಯಿ ಅಷ್ಟು ಖಾರ.

"ಬಂಕಿನಾಗ ನೀರು ಬೆರಸ್ತಾರ, ಫಿಲ್ಟರ್ ನೋಡು," ಅಂದ ಜಂಬಪ್ಪ.

"ನಿನಗ ಎಲ್ಲಾ ಗೊತ್ತೈತಲ್ಲ, ನೀನಾ ರಿಪೇರಿ ಮಾಡ್ಕೋ ಮತ್ತ," ಅಂದು ಬಜಾರಪ್ಪ ಗಾಡಿಯ ಕೆಳಗೆ ಗೋಣಿತಟ್ಟು ಹಾಸಿ ಮಲಗಿದ. ಆಮೇಲೆ ಕೆಳಗಿಂದಲೇ ಕೂಗಿದ, "ಥೂ! ಜಂಬಣ್ಣ, ಇಟು ರಾ, ಇಲ್ಲಿ ಬಾ. ಬಂದು ನಿನ್ನ ಘನಕಾರ್ಯ ನೋಡು."

ಜಂಬಪ್ಪ ಪಂಚೆ ಎತ್ತಿಕಟ್ಟಿ ಪಕ್ಕದಲ್ಲಿ ಮಲಗಿದ. ಟ್ಯಾಂಕಿನಿಂದ ಇಂಜಿನ್ ಕಡೆಗೆ ಎರಡು ಸಣ್ಣ ಕಬ್ಬಿಣದ ಪೈಪು ಎಡಗಡೆ ಹಿಡಿದು ಓಡಿದ್ದವು. ಬಜಾರಪ್ಪ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಕೆರೆದ. ಕರಿ ಬಣ್ಣ ಚಕ್ಕೆಯಾಗಿ ಬಿತ್ತು. ಅದರ ಕೆಳಗೆ ಕೆಂಪು ತುಕ್ಕು, ತುಕ್ಕಿನ ಕೆಳಗೆ ಪೈಪು ಇರಬೇಕಿತ್ತು. ಕೆಲವು ಕಡೆ ಇರಲೇ ಇಲ್ಲ.

"ಕುರಿ ಉಚ್ಚಿ," ಅಂದ ಬಜಾರಪ್ಪ. "ಹದಿನೇಳು ವರ್ಷ ಹಲಗಿ ಸಂದ್ಯಾಗಿಂದ ಸೋರಿ ಸೋರಿ ಬಿದ್ದೈತಿ. ಕಬ್ಬಿಣ ತಿಂದು ಹಾಕತೈತಿ ಅದು. ಮ್ಯಾಲೆ ಗಾಜು ಒರಸ್ತಿ, ಹೂವ ಹಾಕ್ತಿ. ಕೆಳಗ ಒಂದು ಕೊಡ ನೀರು ಹೊಡದೀಯೇನು ಯಾವತ್ತರ?"

"ವರ್ಷಾ ವರ್ಷಾ ಬಣ್ಣ ಬಳದೀನಲ್ಲೋ."

"ಅದಾ ಹೊಲಸಿನ ಮ್ಯಾಲೆ! ಹೊಲಸು ಒಳಗ ಕುಂತು ಆರಾಮಾಗಿ ತಿಂದೈತಿ. ಬಣ್ಣ ಬಳದಿದ್ದಿಲ್ಲಂದ್ರ ಐದು ವರ್ಷದ ಹಿಂದಾ ಕಾಣ್ತಿತ್ತು."

ಜಂಬಪ್ಪ ಬಿದ್ದ ಚಕ್ಕೆಯೊಂದನ್ನು ಎತ್ತಿ ಬೆರಳಲ್ಲಿ ತಿಕ್ಕಿ ನೋಡಿದ.

ಬಜಾರಪ್ಪ ಬಿಡಿಸಿ ಹೇಳಿದ. ಒಂದು ಪೈಪು ಟ್ಯಾಂಕಿನಿಂದ ಇಂಜಿನ್ನಿಗೆ ಡೀಸೆಲ್ ಎಳೆದುಕೊಳ್ಳುವುದು. ಅದರಲ್ಲಿ ಸೂಜಿ ಮೊನೆಯಂಥ ತೂತು ಬಿದ್ದು ಗಾಳಿ ಎಳೆಯುತ್ತಿತ್ತು, ಅದಕ್ಕೇ ಗಾಡಿ ಚಾಲೂ ಆಗುತ್ತಿರಲಿಲ್ಲ. ಇನ್ನೊಂದು ರಿಟರ್ನ್ ಪೈಪು, ಇಂಜಿನ್ ಬಳಸಿ ಮಿಕ್ಕಿದ ಡೀಸೆಲನ್ನು ವಾಪಸ್ ಟ್ಯಾಂಕಿಗೆ ತರುವುದು. ಅದರ ಗತಿ ಇನ್ನೂ ಕೆಟ್ಟಿತ್ತು.

"ಡೀಸೆಲ್ ಕುಡೀತೈತಿ ಅಂತಿದ್ದಿಲ್ಲ? ಕುಡಿಯಾದಲ್ಲ, ಚೆಲ್ಲಾದು."

"ಸುಳ್ಳ ಹೇಳಬ್ಯಾಡ," ಜಂಬಪ್ಪನಿಗೆ ಸಿಟ್ಟು ಬಂತು. "ನಮ್ಮ ಅಂಗಳದಾಗ ಒಂದು ಹನಿ ಬಿದ್ದದ್ದು ನೋಡಿಲ್ಲ ನಾನು."

"ನಿಂತಾಗ ಎಲ್ಲಿ ಬೀಳತೈತೋ ಮಾರಾಯ? ಇಂಜಿನ್ ಓಡಿದ್ರನಾ ರಿಟರ್ನಿನಾಗ ಡೀಸೆಲ್ ಬರೋದು. ಇರು, ತೋರಿಸ್ತೀನಿ."

ಫಿಲ್ಟರಿನ ಮೇಲಿನ ಕೈಪಂಪು ಒತ್ತಿ ಒತ್ತಿ ಗಾಳಿ ಹೊರಗೆ ಹಾಕಿ, ಬೇರೆ ಬ್ಯಾಟರಿಯಿಂದ ವೈರು ಕೊಟ್ಟು, ಹೇಗೋ ಇಂಜಿನ್ ಎಬ್ಬಿಸಿದ. ಇಬ್ಬರೂ ಬಗ್ಗಿ ಕೂತರು. ಮೊದಲು ಏನೂ ಇಲ್ಲ. ಆಮೇಲೆ ಎಡಗಡೆ ಹಿಂದಿನ ಚಕ್ರದ ಮುಂದೆ ಒಂದು ಹನಿ. ಮತ್ತೊಂದು. ನಿಂತಷ್ಟು ಹೊತ್ತು ಬೀಳುತ್ತಲೇ ಇತ್ತು. ಒಂದು ಬೀಡಿ ಸುಟ್ಟು ಮುಗಿಯುವಷ್ಟರಲ್ಲಿ ನೆಲದಲ್ಲಿ ಅಂಗೈ ಅಗಲ ಕಪ್ಪಗೆ ಹರಡಿ ಹೊಳೆಯತೊಡಗಿತು.

"ಸಂತಿ ದಿನ ಕುರಿ ಎಲ್ಲಿ ಹತ್ತಸ್ತಿ?" ಬಜಾರಪ್ಪ ಸುಮ್ಮನೆ ಕೇಳಿದ.

"ಹಳ್ಳದ ತಿರುವಿನಾಗ, ದೊಡ್ಡಿ ಮುಂದ."

"ಇಂಜಿನ್ ಬಂದ್ ಮಾಡ್ತಿಯೋ ಇಲ್ಲೋ?"

"ಬಂದ್ ಮಾಡಿದ್ರ ಮತ್ತ ಎಲ್ಲಿ ಚಾಲೂ ಆಕ್ಕೈತೋ?" ಅಂದು ಜಂಬಪ್ಪ ನಕ್ಕ. ನಗು ಅರ್ಧಕ್ಕೇ ನಿಂತಿತು. ನೆಲದ ಮೇಲಿನ ಹೊಳಪನ್ನೇ ನೋಡುತ್ತ ಕೂತುಬಿಟ್ಟ.

ಐದಕ್ಕೆ ಗಾಡಿ ನಿಲ್ಲಿಸುವುದು, ಐದೂವರೆಗೆ ಬಿಡುವುದು. ಭವಾನಿ ಅಲ್ಲಿಗೆ ಬರುವುದು ಕಾಲು ಗಂಟೆ ತಡೆದು. ಪುಷ್ಯದ ಇಬ್ಬನಿ ಬಿದ್ದ ರಸ್ತೆ, ಅರ್ಧ ಕತ್ತಲು. ತಿರುವಿನಲ್ಲಿ ಒಂದು ಕರಿ ಕಲೆ ಇತ್ತು, ಅವನೂ ನೋಡಿದ್ದ. ಕುರಿ ಉಚ್ಚೆ ಅಂದುಕೊಂಡಿದ್ದ. ಕುರಿ ಉಚ್ಚೆ ಯಾವುದು, ಡೀಸೆಲ್ ಯಾವುದು ಅಂತ ಮೂಸಿ ನೋಡುವಷ್ಟೂ ತ್ರಾಸು ತೆಗೆದುಕೊಂಡಿರಲಿಲ್ಲ. ಹುಡುಗಿ ಎಣ್ಣೆ ಅಂದಿದ್ದಳು. ಹೊಲಿಗೆ ಹಾಕಿಸಿಕೊಂಡು ಬಂದು ಮೊದಲ ಮಾತೇ ಅದನ್ನು ಹೇಳಿದ್ದಳು.

"ಭಾಳ ಹುಷಾರಪ್ಪ," ಬಜಾರಪ್ಪ ಇಂಜಿನ್ ಬಂದ್ ಮಾಡುತ್ತ ಅಂದ, "ಡೀಸೆಲ್ ಮ್ಯಾಲೆ ಎರಡು ಗಾಲಿ ಗಾಡಿ ನಿಲ್ಲಂಗಿಲ್ಲ. ಯಾರರ ಬಿದ್ದಾರೇನು ಅಲ್ಲಿ?"

"ಇಲ್ಲ," ಅಂದ ಜಂಬಪ್ಪ. "ಯಾರೂ ಬಿದ್ದಿಲ್ಲ."

ಸುಳ್ಳು ಹೇಳಿದ. ಹೇಳಿದ ಮೇಲೆ ತನಗೇ ನಾಚಿಕೆಯಾಗಿ ಎದ್ದು ಹೋಗಿ ಮಿಲ್ಲಿನ ಗೋಡೆಯ ಹತ್ತಿರ ನಿಂತ.

ಬಜಾರಪ್ಪ ಹಳೆಯ ಪೈಪುಗಳನ್ನು ಮುರಿಯದಂತೆ ಬಿಚ್ಚಿ ನೆಲದ ಮೇಲೆ ಮಲಗಿಸಿದ. ಹೊಸ ಪೈಪನ್ನು ಅದರ ಪಕ್ಕದಲ್ಲಿಟ್ಟು, ಎಲ್ಲೆಲ್ಲಿ ಬಾಗಿದೆಯೋ ಅಲ್ಲಲ್ಲಿ ಸುಣ್ಣದ ಗುರುತು ಹಾಕಿದ. ಬಾಗಿಸುವಾಗ ಚಪ್ಪಟೆಯಾಗಬಾರದೆಂದು ಒಳಗೆ ಸಣ್ಣ ಮರಳು ತುಂಬಿ, ಎರಡೂ ಬಾಯಿ ಮುಚ್ಚಿ, ಒಂದು ದಪ್ಪ ಗೂಟಕ್ಕೆ ಒತ್ತಿ ಮೆಲ್ಲಗೆ ಮಣಿಸಿದ. ಒಂದೊಂದು ಬಾಗಿಗೂ ಹಳೆಯದರ ಪಕ್ಕ ಹಿಡಿದು ನೋಡುವುದು, ಮತ್ತೆ ಒಂದು ಕೂದಲಷ್ಟು ಮಣಿಸುವುದು. ಗೊತ್ತಿದ್ದ ಕೆಲಸವೇ ಆದರೂ ಅಂದಾಜಿನ ಮೇಲೆ ಒಂದನ್ನೂ ಮಾಡಲಿಲ್ಲ. ಜಂಬಪ್ಪ ಅದನ್ನೇ ನೋಡುತ್ತಿದ್ದ. ಮೂವತ್ತು ವರ್ಷದ ಮೆಕ್ಯಾನಿಕ್ ಹತ್ತು ಸಲ ನೋಡಿ ಒಂದು ಮಾತಾಡುತ್ತಾನೆ, ತಾನು ಒಂದು ಸಲವೂ ನೋಡದೆ ಹತ್ತು ಮಾತಾಡಿದೆ ಅಂತ ಅನ್ನಿಸಿತು.

"ಈ ಸಲ ಬಲಗಡೆ ಚಾಸಿ ಒಳಗ ಹಾಯಿಸ್ತೀನಿ, ಉಚ್ಚಿ ತಾಗಲಾರದಂಗ," ಅಂದ ಬಜಾರಪ್ಪ. "ನಾಳಿ ಮುಂಜಾನಿ ಬಂದು ಒಯ್ಯಿ. ಒಂದು ರಾತ್ರಿ ಇಟ್ಟು ಸೋರ್ತೈತೇನು ನೋಡಬೇಕು ನಾನು."

ಬಸ್ಸಿನಲ್ಲಿ ಊರಿಗೆ ಬರುವಾಗ ಜಂಬಪ್ಪ ಒಂದು ಹಂಚಿಕೆ ಹಾಕಿದ. ಸುಳ್ಳು ಯಾಕೆ, ಅವನ ಮನಸ್ಸು ಹಾಗೇ ಓಡಿತು. ಪೈಪು ಹೊಸದಾಯಿತು, ಇನ್ನು ಚೆಲ್ಲುವುದಿಲ್ಲ. ಬಜಾರಪ್ಪನಿಗೆ ಏನೂ ಗೊತ್ತಿಲ್ಲ. ಹಿರಿಯ ಮನುಷ್ಯ ಮನಸ್ಸು ಕರಗಿ, ಹೋಗಲಿ ಪಾಪ ಅಂತ ಸೊಸೆಗೆ ಗಾಡಿ ಬಿಟ್ಟುಕೊಟ್ಟ ಅಂದರೆ ಎಲ್ಲ ಸರಿಹೋಗುತ್ತದೆ. ಅವಳ ನೌಕರಿಯೂ ಉಳಿಯಿತು, ಇವನ ಮಾನವೂ ಉಳಿಯಿತು. ಚಂದದ ಹಂಚಿಕೆಯೇ. ಮನೆಗೆ ಬಂದವನೇ ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತು ಹೆಂಡತಿಗೆ ಹೇಳಿದ, "ಸುಂಕಮ್ಮ, ಭವಾನಿಗೆ ಹೇಳು. ಬೇಕಾದ್ರ ಸ್ಕೂಟಿ ತಗೊಂಡು ಹೋಗ್ಲಿ. ನನ್ನದೇನು ಅಡ್ಡಿ ಇಲ್ಲ."

ಸುಂಕಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಗಂಡನ ಮುಖ ನೋಡಿದಳು. "ಏನ್ರಿ, ಬಿಸಲು ತಲಿಗೆ ಹತ್ತೈತೇನು?"

ಅವಳು ಒಳಗೆ ಹೇಳುವ ಮುಂಚೆಯೇ ಭವಾನಿ ಬಾಗಿಲ ಹಿಂದಿನಿಂದ ಮಾತಾಡಿದಳು. ಮಾವನ ಎದುರು ನಿಂತು ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. "ಬ್ಯಾಡ್ರಿ ಮಾವ. ಡಾಕ್ಟರಿಗೆ ಫೋನ್ ಮಾಡಿ ಹೇಳೀನಿ, ಒಂದನೇ ತಾರೀಖಿಂದ ಬರಂಗಿಲ್ಲಂತ."

"ಯಾಕವ್ವ? ನಾನಾ ಹೋಗಂತೀನಲ್ಲ."

"ನನಗ ಬರಂಗಿಲ್ರಿ ಗಾಡಿ. ನೀವು ಹೇಳಿದ್ದು ಖರೆ ಐತಿ. ಕೈಯಾಗ ಹಿಡಿತ ಇಲ್ಲ. ಮೊನ್ನಿ ಯಾರೂ ಇಲ್ಲದಾಗ ಅಂಗಳದಾಗ ಹತ್ತಿ ಕುಂತಿದ್ದೆ. ಕೈ ನಡುಗಿದವು. ಹದಿಮೂರು ತಿಂಗಳು ಏನೋ ನಸೀಬ್ ಚೊಲೊ ಇತ್ತು, ಬೀಳಲಿಲ್ಲ, ಅಷ್ಟಾ."

ಜಂಬಪ್ಪ ಹೋಟೆಲಿನಲ್ಲಿ ಮಿರ್ಚಿ ಕಚ್ಚುತ್ತ ಅಂದ ಮಾತು ಆ ಹುಡುಗಿಯ ಕೈಯೊಳಗೆ ಹೋಗಿ ಕೂತಿತ್ತು. ಅವಳು ಅಳುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ. ನಂಬಿಬಿಟ್ಟಿದ್ದಳು. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಭವಾನಿ, ಹೊರಗ ಬಾ," ಅಂದ.

ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲಲ್ಲಿ ನಿಂತಳು. ಜಂಬಪ್ಪ ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ಪೈಪು, ಕುರಿ ಉಚ್ಚೆ, ಬಣ್ಣ, ಬಂದ್ ಮಾಡದ ಇಂಜಿನ್, ಬೀಡಿ ಮುಗಿಯುವಷ್ಟರಲ್ಲಿ ಬಿದ್ದ ಡೀಸೆಲ್. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. "ನೀ ಬಿದ್ದದ್ದು ನಿನ್ನ ಕೈಯಿಂದ ಅಲ್ಲ. ನನ್ನ ಗಾಡಿಯಿಂದ."

ಸುಂಕಮ್ಮನ ಮೊರ ನಿಂತುಹೋಯಿತು. ಭವಾನಿ ಹೊಸ್ತಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

"ಅವತ್ತ ಹೇಳಿದ್ದೆನಲ್ರಿ ನಾನು, ಎಣ್ಣಿ ಇತ್ತಂತ."

"ಹೇಳಿದ್ದಿ."

"ನೀವು ಏನಂದ್ರಿ ಮಾವ?"

ಅವನಿಗೆ ಆ ಮಾತು ತಿರುಗಿ ಹೇಳುವುದು ಬೇಡವಾಗಿತ್ತು. ಆದರೆ ಅವಳು ಕಾಯುತ್ತಿದ್ದಳು. "ನೆಪ ಹೇಳಬ್ಯಾಡ ಅಂದೆ," ಅಂದ.

"ಹೂಂ," ಅಂದು ಅವಳು ಒಳಗೆ ಹೋದಳು.

ಸುಂಕಮ್ಮ ಎದ್ದು ಬಂದಳು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಗಂಡನಿಗೆ ಹೀಗೆ ಮುಖ ಕೊಟ್ಟು ಮಾತಾಡಿದ್ದು ಕಡಿಮೆ. "ಹತ್ತು ಮಂದಿ ಮುಂದ ಆಕಿ ಮರ್ಯಾದಿ ತಗದು, ಈಗ ಅಡಗಿ ಮನಿ ಬಾಗಲದಾಗ ತಪ್ಪಾತು ಅಂದ್ರ ಆಕ್ಕೈತೇನ್ರಿ? ಹೊಲಿಗಿ ಬಿಚ್ಚಿ ಬಂದ ದಿನಾ ಆಕಿ ನಳದ ಹತ್ತಿರ ನೀರಿಗೆ ಹೋದ್ರ ಹೆಣ್ಮಕ್ಕಳು ನಕ್ಕಾರ. ಎಲ್ಲಿ ಅಂದೀರೋ ಅಲ್ಲೇ ಹೋಗಿ ಹೇಳ್ರಿ."

ಜಂಬಪ್ಪ ರುಮಾಲು ಹೆಗಲಿಗೆ ಹಾಕಿಕೊಂಡು ಎದ್ದ. ಹೋಟೆಲಿನವರೆಗೆ ಇನ್ನೂರು ಹೆಜ್ಜೆ. ಅಷ್ಟು ದೂರ ಅನ್ನಿಸಿದ್ದು ಅವತ್ತೇ.

ಸಂಜೆಯ ಹೊತ್ತು, ಆಂಜಿನಪ್ಪನ ಹೋಟೆಲಿನಲ್ಲಿ ಜನ ತುಂಬಿತ್ತು. ಆಂಜಿನಪ್ಪ ಎಂದಿನಂತೆ ಮಿರ್ಚಿ ಪ್ಲೇಟು ಮುಂದಿಟ್ಟ. ಜಂಬಪ್ಪ ಅದನ್ನು ಸರಿಸಿ ನಿಂತೇ ಹೇಳಿದ, "ಕೇಳ್ರಪ್ಪ ಎಲ್ಲಾರೂ. ಹಳ್ಳದ ತಿರುವಿನಾಗ ನಮ್ಮ ಸೊಸಿ ಬಿದ್ದಿದ್ಲಲ್ಲ, ಅಲ್ಲಿ ನನ್ನ ಗಾಡಿ ಡೀಸೆಲ್ ಚೆಲ್ಲಿತ್ತು. ಪೈಪು ತುಕ್ಕು ತಿಂದಿತ್ತು, ನಾ ನೋಡಿದ್ದಿಲ್ಲ. ಆಕಿದು ತಪ್ಪಿಲ್ಲ. ತಪ್ಪು ನಂದು. ಸುಂಕಪ್ಪ ಬಿದ್ದದ್ದೂ ಅದಕ್ಕಾ."

ಮೂಲೆಯಲ್ಲಿದ್ದ ಸುಂಕಪ್ಪ ಟೀ ಚೆಲ್ಲಿಕೊಂಡು ಎದ್ದ. "ಕೇಳಿದ್ರೇನಲೇ? ಕೇಳಿದ್ರೇನು? ಮಕ್ಕಳ ತಲಿ ಮುಟ್ಟಿ ಹೇಳೀನಿ, ನಂಬಿದ್ರೇನು ಒಬ್ಬರರ? ಹೆಂಡ್ತಿ ಎಂಟು ದಿನ ಮಾತು ಬಿಟ್ಟಿದ್ಲು ನನ್ನ ಕೂಡ!"

ಹೋಟೆಲೆಲ್ಲ ನಕ್ಕಿತು. ನಗುವಿನ ನಡುವೆ ಯಾರೋ ಅಂದ, "ಏನಾ ಅನ್ನು ಜಂಬಣ್ಣ, ಎಣ್ಣಿ ಇದ್ರೂ ಗಂಡಸಾಗಿದ್ರ ಸಂಭಾಳಿಸ್ತಿದ್ದ."

"ಮತ್ತ ಸುಂಕಪ್ಪ ಯಾರೋ?" ಅಂದ ಜಂಬಪ್ಪ. ಮತ್ತೆ ನಗು. ಅವನು ಮಾತ್ರ ನಗಲಿಲ್ಲ. "ನಗಬ್ಯಾಡ್ರಿ. ಆಕಿ ಕೆಲಸ ಹೋಗೋ ಹಂಗ ಮಾಡೀನಿ ನಾನು. ಮನ್ಯಾಗ ಹೋಗಿ ನಿಮ್ಮ ಹೆಣ್ಮಕ್ಕಳಿಗೂ ಹೇಳ್ರಿ ಇದನ್ನ." ಅಷ್ಟು ಹೇಳಿ ಹೊರಟ. ಆಂಜಿನಪ್ಪ ಕರೆದರೂ ತಿರುಗಲಿಲ್ಲ.

ಅಲ್ಲಿಂದ ಸೀದಾ ಹಳ್ಳದ ತಿರುವಿಗೆ ಹೋದ, ಸಲಿಕೆ, ಬುಟ್ಟಿ, ದೊಡ್ಡಿಯ ಕಸಬರಿಗೆ ತೆಗೆದುಕೊಂಡು. ಕಲೆಯ ಮೇಲೆ ಬಗ್ಗಿ ಮೂಸಿದ. ಡೀಸೆಲ್ಲೇ. ಹಳ್ಳದಿಂದ ಒಣ ಮರಳು, ಒಲೆಯ ಬೂದಿ ತಂದು ಸುರಿದು ತಿಕ್ಕಿದ, ಗುಡಿಸಿದ, ಸೋಪಿನ ಪುಡಿ ಹಾಕಿ ಮತ್ತೆ ತಿಕ್ಕಿ ನೀರು ಹೊಡೆದ. ಹೋಗಿಬರುವವರು ನಿಂತು ನೋಡಿದರು. ಕೇಳಿದವರಿಗೆ ಕೇಳಿದಷ್ಟು ಹೇಳಿದ. ಕತ್ತಲಾದ ಮೇಲೆ ಮನೆಗೆ ಬಂದು, ಊಟಕ್ಕೆ ಕೂತಾಗ, ರೊಟ್ಟಿ ಬಡಿಸುತ್ತಿದ್ದ ಸೊಸೆಗೆ ತಲೆ ಎತ್ತದೆ ಕೇಳಿದ, "ನಾಳಿ ಆದೋನಿಗೆ ಹೋಗಿ ಗಾಡಿ ತರಬೇಕು. ನನ್ನ ಕರಕೊಂಡು ಹೋಗ್ತಿಯೇನವ್ವ, ನಿನ್ನ ಸ್ಕೂಟಿ ಮ್ಯಾಲೆ?"

ಸುಂಕಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. ಸೊಸೆ ಮುಂದೆ ಕೂತು, ಮಾವ ಹಿಂದೆ ಕೂತು ಊರ ನಡುವೆ ಹೋಗುವುದೆಂದರೆ! ಆ ಸೀಮೆಯಲ್ಲಿ ಯಾರೂ ಕಂಡದ್ದಿಲ್ಲ. ಭವಾನಿ ಇನ್ನೊಂದು ರೊಟ್ಟಿ ಹಾಕಿ ಹೋದಳು. ಹೂಂ ಅಂದಳೋ ಊಹೂಂ ಅಂದಳೋ ತಿಳಿಯದೆ ಜಂಬಪ್ಪ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ.

ಬೆಳಿಗ್ಗೆ ಐದೂವರೆಗೆ ಅಂಗಳದಲ್ಲಿ ಸ್ಕೂಟಿಯ ಸದ್ದಾಯಿತು. ಸ್ವೆಟರ್ ಹಾಕಿಕೊಂಡು, ಸ್ಕಾರ್ಫ್ ಸುತ್ತಿಕೊಂಡು ಭವಾನಿ ಹತ್ತಿ ಕೂತಿದ್ದಳು. ಡಾಕ್ಟರಿಗೆ ಮತ್ತೆ ಫೋನ್ ಮಾಡಿದಳೇ, ಕೆಲಸ ಇದೆಯೋ ಇಲ್ಲವೋ, ಕೇಳುವ ಧೈರ್ಯ ಜಂಬಪ್ಪನಿಗೆ ಬರಲಿಲ್ಲ. ಹಿಂದೆ ಒಂದು ಗೇಣು ಜಾಗ ಬಿಟ್ಟು ಮುದುಡಿ ಕೂತು, ಸೀಟಿನ ಹಿಂದಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆಂಜಿನಪ್ಪ ಒಲೆ ಹಚ್ಚುತ್ತಿದ್ದವನು ಊದುಗೊಳವೆ ಬಾಯಲ್ಲೇ ಇಟ್ಟುಕೊಂಡು ನೋಡಿದ. ನಳದ ಹತ್ತಿರ ಇಬ್ಬರು ಹೆಣ್ಣುಮಕ್ಕಳು ಕೊಡ ತುಂಬಿ ಹರಿದರೂ ನೋಡುತ್ತ ನಿಂತರು. ಜಂಬಪ್ಪ ಎದೆಯುಬ್ಬಿಸಿ ಕೂರಬೇಕು ಅಂದುಕೊಂಡಿದ್ದ, ಆಗಲಿಲ್ಲ. ಮೈಯೆಲ್ಲ ನಾಚಿಕೆ. ಆದರೂ ಕೆಳಗೆ ಇಳಿಯಲಿಲ್ಲ.

ಹಳ್ಳದ ತಿರುವು ಬಂತು. ಭವಾನಿ ದೂರದಲ್ಲೇ ನಿಲ್ಲಿಸಿ ಎರಡೂ ಕಾಲು ಊರಿದಳು. ಹ್ಯಾಂಡಲ್ ಬಿಡಲಿಲ್ಲ, ಮುಂದಕ್ಕೂ ಹೋಗಲಿಲ್ಲ.

"ಆಗವಲ್ದು ಮಾವ."

ಜಂಬಪ್ಪ ಇಳಿದ. ಅವನ ಮಾತಿನಿಂದ ಆದದ್ದು ಸಾಕಾಗಿತ್ತು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ತಿರುವಿನ ಈ ತುದಿಯಿಂದ ಆ ತುದಿಗೆ ಬರಿಗಾಲಲ್ಲಿ ನಡೆದ. ಅಲ್ಲಲ್ಲಿ ನಿಂತು ಅಂಗಾಲನ್ನು ಗಟ್ಟಿಯಾಗಿ ಉಜ್ಜಿದ. ರಸ್ತೆ ಒರಟಾಗಿ, ತಣ್ಣಗೆ, ಒಣಗಿತ್ತು. ತಿರುವಿನ ನಡುವೆ ನಿಂತು ಸೊಸೆಯ ಕಡೆ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ರಸ್ತೆಯನ್ನು ನೋಡುತ್ತಿದ್ದಳು. ನೋಡಲಿ. ಸ್ವಂತ ಕಣ್ಣಿಂದ ನೋಡಿ ನಂಬಲಿ.

ಸ್ಕೂಟಿ ಮೆಲ್ಲಗೆ ಹೊರಟಿತು. ತಿರುವಿಗೆ ಬಂತು, ಒಂದು ಕಡೆ ವಾಲಿತು. ಜಂಬಪ್ಪ ಉಸಿರು ಹಿಡಿದ. ಸ್ಕೂಟಿ ವಾಲಿದಂತೆಯೇ ತಿರುವು ದಾಟಿ ನೆಟ್ಟಗಾಯಿತು. ಇನ್ನು ಹುಣಸೆ ಮರದ ಹತ್ತಿರ ನಿಲ್ಲಿಸುತ್ತಾಳೆ ಅಂದುಕೊಂಡು ಅವನು ಚಪ್ಪಲಿ ಮೆಟ್ಟಿದ. ಹುಣಸೆ ಮರ ದಾಟಿತು. ವೇಗ ಹೆಚ್ಚಾಯಿತು.

"ಏ ಭವಾನಿ!" ಹಳೆಯ ಸಿಟ್ಟು ಒಂದು ಕ್ಷಣ ಮೂಗಿಗೆ ಬಂತು. ಮಾವನನ್ನು ನಡುರಸ್ತೆಯಲ್ಲಿ ಬಿಟ್ಟು ಹೋಗುವುದೆಂದರೇನು? ಸ್ಕೂಟಿ ದಿಬ್ಬ ಏರಿತು, ಹಿಂದಿನ ಕೆಂಪು ದೀಪ ಸಣ್ಣದಾಗಿ ಆ ಕಡೆ ಇಳಿದುಹೋಯಿತು. ಮರೆತಳೋ, ಬೇಕಂತಲೇ ಬಿಟ್ಟಳೋ, ನಿಲ್ಲಿಸಿದರೆ ಮತ್ತೆ ಕೈ ನಡುಗೀತೆಂದು ಹೆದರಿದಳೋ, ದೇವರಿಗೇ ಗೊತ್ತು. ಅವನು ಮುಂದೆ ಯಾವತ್ತೂ ಅವಳನ್ನು ಕೇಳಲಿಲ್ಲ. ಮೊಬೈಲ್ ತೆಗೆದು ನೋಡಿದ. ಆರಕ್ಕೆ ಐದು ನಿಮಿಷ. ಆರೂವರೆಗೆ ಮುಟ್ಟುತ್ತಾಳೆ. ಸಿಟ್ಟು ಎಲ್ಲಿಗೆ ಹೋಯಿತೋ ಹೋಯಿತು, ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡು ಆದೋನಿಯ ಕಡೆ ನಡೆಯತೊಡಗಿದ.

ಹಿಂದಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡ ರಾಮಾಂಜನೇಯನ ಮೋಟರ್‌ಸೈಕಲ್ ಬಂದು ನಿಂತಿತು. "ಏನ್ ಜಂಬಣ್ಣ, ಇಷ್ಟು ಹೊತ್ತಿನಾಗ ನಡಕೊಂತ ಹೊಂಟಿ?"

"ಸೊಸಿ ಬಿಟ್ಟು ಹೋದ್ಲಪ್ಪ. ಆಕಿಗೆ ಡ್ಯೂಟಿಗೆ ಹೊತ್ತಾಗಿತ್ತು," ಅಂದ ಜಂಬಪ್ಪ.

ಗಾಡಿಯ ಸದ್ದಿನಲ್ಲಿ ಅವನಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂತ ಇನ್ನೊಂದು ಸಲ, ಜೋರಾಗಿ ಹೇಳಿದ.